ಸ್ವೆಟ್‌ಶಾಪ್ ವಿರೋಧಿ ವಿದ್ಯಾರ್ಥಿ ಚಳವಳಿ

ಸ್ವೆಟ್‌ಶಾಪ್ ವಿರೋಧಿ ವಿದ್ಯಾರ್ಥಿ ಚಳವಳಿ: ತಾವು ಓದುವ ವಿಶ್ವವಿದ್ಯಾಲಯದ ಹೆಸರು ಮತ್ತು ಲಾಂಛನ ಹೊತ್ತ ಉಡುಪುಗಳನ್ನು ಹೊಲಿಯುವವರಿಗೆ ನ್ಯಾಯವಾದ ಕೂಲಿ, ಸುರಕ್ಷಿತ ಕಾರ್ಖಾನೆ, ಸಂಘ ಕಟ್ಟುವ ಸ್ವಾತಂತ್ರ್ಯ ಸಿಗಬೇಕೆಂದು ಅಮೆರಿಕದ ಕಾಲೇಜು ವಿದ್ಯಾರ್ಥಿಗಳು 1990ರ ದಶಕದ ಕೊನೆಯಲ್ಲಿ ಆರಂಭಿಸಿದ ಚಳವಳಿ. ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯ ವಿರುದ್ಧ 1980ರ ದಶಕದಲ್ಲಿ ನಡೆದ ಹೋರಾಟದ ಬಳಿಕ ಅಮೆರಿಕದ ಕ್ಯಾಂಪಸ್‌ಗಳು ಕಂಡ ಅತಿ ವ್ಯಾಪಕ ಹೋರಾಟಗಳಲ್ಲಿ ಇದೂ ಒಂದು. ಯುನೈಟೆಡ್ ಸ್ಟೂಡೆಂಟ್ಸ್ ಅಗೇನ್‌ಸ್ಟ್ ಸ್ವೆಟ್‌ಶಾಪ್ಸ್, ಚಿಕ್ಕದಾಗಿ ಯೂಸಾಸ್, ಇದರ ಮುಖ್ಯ ಸಂಘಟನೆ. ಹೋರಾಟ ನಡೆದದ್ದು ಅಮೆರಿಕದಲ್ಲಾದರೂ ಅದರ ಫಲಾಫಲ ಕಂಡದ್ದು ಮೆಕ್ಸಿಕೊ, ಡೊಮಿನಿಕನ್ ಗಣರಾಜ್ಯ, ಹೊಂಡುರಾಸ್, ಇಂಡೊನೇಷ್ಯ, ಬಾಂಗ್ಲಾದೇಶಗಳಲ್ಲಿ. ಕೊನೆಗೆ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲೂ.

ಹಿನ್ನೆಲೆ

ಮೈಮುರಿಯುವ ದುಡಿಮೆ, ಹೊಟ್ಟೆಗೆ ಸಾಲದ ಕೂಲಿ, ಗಾಳಿ ಬೆಳಕಿಲ್ಲದ ಕೋಣೆ, ದನಿ ಎತ್ತಿದರೆ ಕೆಲಸದಿಂದ ವಜಾ: ಇವಿಷ್ಟೂ ಇರುವ ಕಾರ್ಖಾನೆಗೆ ಸ್ವೆಟ್‌ಶಾಪ್ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದ ಲಂಡನ್, ನ್ಯೂಯಾರ್ಕ್‌ಗಳ ಹೊಲಿಗೆ ಕೋಣೆಗಳಿಂದ ಈ ಹೆಸರು ಬಂತು. ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್ ಕಾರ್ಖಾನೆಯಲ್ಲಿ 1911ರ ಮಾರ್ಚ್ 25ರಂದು ಬೆಂಕಿ ಬಿದ್ದು 146 ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ವಲಸೆ ಬಂದ ಯುವತಿಯರು. ಹೊರಬಾಗಿಲಿಗೆ ಬೀಗ ಹಾಕಲಾಗಿತ್ತು. ಆ ದುರಂತದ ಬಳಿಕ ಬಂದ ಕಾನೂನುಗಳೂ ಬಲವಾಗಿ ಬೆಳೆದ ಕಾರ್ಮಿಕ ಸಂಘಗಳೂ ಸೇರಿ ಅಮೆರಿಕದಲ್ಲಿ ಪರಿಸ್ಥಿತಿಯನ್ನು ಒಂದಷ್ಟು ಸುಧಾರಿಸಿದವು. ಆದರೆ 1970ರ ನಂತರ ಹೊಲಿಗೆಯ ಕೆಲಸವೇ ದೇಶ ಬಿಟ್ಟು ಹೊರಟಿತು. ಬ್ರ್ಯಾಂಡ್ ಕಂಪನಿ ತಾನೇ ಕಾರ್ಖಾನೆ ನಡೆಸುವುದನ್ನು ನಿಲ್ಲಿಸಿ ಏಷ್ಯ, ಮಧ್ಯ ಅಮೆರಿಕಗಳ ಗುತ್ತಿಗೆದಾರರಿಗೆ ಆರ್ಡರ್ ಕೊಡತೊಡಗಿತು. ಬೆಲೆ, ಗಡುವು, ವಿನ್ಯಾಸ ಎಲ್ಲವೂ ಬ್ರ್ಯಾಂಡಿನ ಕೈಯಲ್ಲಿ. ಕೂಲಿ ಬಾಕಿ ಉಳಿದರೆ ಅಥವಾ ಗೋಡೆ ಕುಸಿದರೆ ಮಾತ್ರ ಹೊಣೆ ಗುತ್ತಿಗೆದಾರನದು.

1995ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯದ ಎಲ್ ಮಾಂಟೆಯಲ್ಲಿ, ಮುಳ್ಳುತಂತಿಯ ಬೇಲಿಯೊಳಗೆ ಕೂಡಿಹಾಕಿ ಹೊಲಿಗೆ ಮಾಡಿಸುತ್ತಿದ್ದ 72 ಥಾಯ್ ಕಾರ್ಮಿಕರನ್ನು ಅಧಿಕಾರಿಗಳು ಬಿಡಿಸಿದರು. ಮರುವರ್ಷ, ಟಿ.ವಿ. ನಿರೂಪಕಿ ಕ್ಯಾಥಿ ಲೀ ಗಿಫರ್ಡ್ ಹೆಸರಿನಲ್ಲಿ ವಾಲ್‌ಮಾರ್ಟ್ ಮಾರುತ್ತಿದ್ದ ಉಡುಪುಗಳನ್ನು ಹೊಂಡುರಾಸ್‌ನಲ್ಲಿ ಎಳೆಯ ಹುಡುಗಿಯರು ಹೊಲಿಯುತ್ತಿದ್ದಾರೆಂದು ಚಾರ್ಲ್ಸ್ ಕರ್ನಗನ್ ಎಂಬ ಹೋರಾಟಗಾರ ಬಯಲಿಗೆಳೆದ. ಅಮೆರಿಕದ ಮಧ್ಯಮ ವರ್ಗ ತಾನು ತೊಟ್ಟ ಬಟ್ಟೆಯ ಚೀಟಿಯನ್ನು ತಿರುಗಿಸಿ ನೋಡಿದ್ದು ಆಗ. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಕಂಪನಿಗಳು, ಕಾರ್ಮಿಕ ಸಂಘಗಳು, ಮಾನವ ಹಕ್ಕು ಸಂಸ್ಥೆಗಳನ್ನು ಕೂಡಿಸಿ ಒಂದು ಮಾತುಕತೆಯ ವೇದಿಕೆ ಕಟ್ಟಿದರು. ಅದರಿಂದ ಫೇರ್ ಲೇಬರ್ ಅಸೋಸಿಯೇಷನ್, ಅಂದರೆ ಎಫ್‌ಎಲ್‌ಎ, ಹುಟ್ಟಿತು. ಜೀವನ ನಡೆಸಲು ಸಾಲುವಷ್ಟು ಕೂಲಿಯ ಮಾತು ಅದರ ಒಪ್ಪಂದದಲ್ಲಿಲ್ಲ, ತಪಾಸಣೆಯಲ್ಲಿ ಕಂಪನಿಗಳದೇ ಮೇಲುಗೈ ಎಂದು ಉಡುಪು ಕಾರ್ಮಿಕರ ಸಂಘ ಯುನೈಟ್ 1998ರ ನವೆಂಬರ್‌ನಲ್ಲಿ ಹೊರನಡೆಯಿತು.

ಕ್ಯಾಂಪಸ್ಸೇ ಏಕೆ

ಅಮೆರಿಕದಲ್ಲಿ ವಿಶ್ವವಿದ್ಯಾಲಯವೆಂದರೆ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ತಂಡವೂ ಹೌದು. ಆ ತಂಡದ ಬಣ್ಣದ ಟೋಪಿ, ಸ್ವೆಟ್‌ಶರ್ಟ್, ಜಾಕೆಟ್ ಕೊಳ್ಳುವವರಲ್ಲಿ ಹಳೆಯ ವಿದ್ಯಾರ್ಥಿಗಳು, ಅವರ ಮಕ್ಕಳು, ಊರಿನವರು ಎಲ್ಲರೂ ಇದ್ದಾರೆ. ಇಂಥ ಉಡುಪಿನ ವ್ಯಾಪಾರ ನೂರಾರು ಕೋಟಿ ಡಾಲರ್‌ಗಳದು. ಲಾಂಛನ ಬಳಸಲು ಕಂಪನಿ ಲೈಸೆನ್ಸ್ ಪಡೆಯಬೇಕು, ಮಾರಾಟದ ಮೇಲೆ ವಿಶ್ವವಿದ್ಯಾಲಯಕ್ಕೆ ರಾಯಧನ ಕಟ್ಟಬೇಕು. ವಿದ್ಯಾರ್ಥಿಗಳು ಕೈಹಾಕಿದ್ದು ಇಲ್ಲಿಗೆ. ಅಂಗಡಿಯಲ್ಲಿ ನಿಂತ ಗ್ರಾಹಕ ಒಬ್ಬಂಟಿ. ಒಂದು ಅಂಗಿ ಕೊಳ್ಳದೆ ಬಂದರೆ ಕಂಪನಿಗೆ ತಿಳಿಯುವುದೂ ಇಲ್ಲ. ವಿಶ್ವವಿದ್ಯಾಲಯ ಹಾಗಲ್ಲ. ಅದು ಲಾಂಛನದ ಒಡೆಯ, ಒಪ್ಪಂದಕ್ಕೆ ಸಹಿ ಹಾಕುವ ಪಕ್ಷ. ಆ ಒಪ್ಪಂದದಲ್ಲಿ ಕಾರ್ಮಿಕರ ಹಕ್ಕಿನ ಷರತ್ತನ್ನು ಬರೆಸಿಬಿಟ್ಟರೆ, ಮುರಿದ ಕಂಪನಿ ಲೈಸೆನ್ಸ್ ಕಳೆದುಕೊಳ್ಳುತ್ತದೆ. ವಿಶ್ವವಿದ್ಯಾಲಯದ ಅಧ್ಯಕ್ಷರ ಕಚೇರಿ ಹಾಸ್ಟೆಲಿನಿಂದ ನಡೆದು ಹೋಗುವಷ್ಟು ದೂರ. ಉಳಿದ ಗ್ರಾಹಕ ಚಳವಳಿಗಳಿಗೆ ಸಿಗದ ಹಿಡಿತ ಇವರಿಗೆ ಸಿಕ್ಕಿದ್ದು ಇದರಿಂದಲೇ.

1997ರ ಬೇಸಿಗೆಯಲ್ಲಿ ಯುನೈಟ್ ಸಂಘದಲ್ಲಿ ತರಬೇತಿಗೆಂದು ಬಂದಿದ್ದ ವಿದ್ಯಾರ್ಥಿಗಳು ಈ ಉಪಾಯವನ್ನು ರೂಪಿಸಿದರು. ಅವರಲ್ಲಿ ಒಬ್ಬನಾದ ಟಿಕೊ ಅಲ್ಮೇಡ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಮರಳಿ ಗೆಳೆಯರನ್ನು ಕೂಡಿಸಿದ. 1998ರ ಮಾರ್ಚ್‌ನಲ್ಲಿ ಡ್ಯೂಕ್ ತನ್ನ ಲೈಸೆನ್ಸ್‌ದಾರರಿಗೆ ನೀತಿಸಂಹಿತೆಯೊಂದನ್ನು ಪ್ರಕಟಿಸಿತು. ಅದೇ ವರ್ಷ ಹಲವು ಕ್ಯಾಂಪಸ್‌ಗಳ ಗುಂಪುಗಳು ಸೇರಿ ಯೂಸಾಸ್ ಹುಟ್ಟಿತು. ಡೊಮಿನಿಕನ್ ಗಣರಾಜ್ಯದ ವಿಯ್ಯ ಅಲ್ತಗ್ರಾಸಿಯ ಎಂಬ ಊರಿನ ಬಿಜೆ ಅಂಡ್ ಬಿ ಕಾರ್ಖಾನೆಯಲ್ಲಿ ಟೋಪಿ ಹೊಲಿಯುತ್ತಿದ್ದ ಹೆಣ್ಣುಮಕ್ಕಳು ಆ ಕಾಲಕ್ಕೆ ಅಮೆರಿಕದ ಕ್ಯಾಂಪಸ್‌ಗಳಿಗೆ ಬಂದು ಮಾತನಾಡಿದರು. ಅಂಗಡಿಯಲ್ಲಿ ಸುಮಾರು 20 ಡಾಲರಿಗೆ ಮಾರುವ ಟೋಪಿಯಲ್ಲಿ ಹೊಲಿದವಳ ಪಾಲು ಕೇವಲ 8 ಸೆಂಟ್ ಎಂದು ಯುನೈಟ್ ಲೆಕ್ಕ ಕೊಟ್ಟಿತು. ಆ ಟೋಪಿ ಕೇಳುಗರಲ್ಲಿ ಹಲವರ ತಲೆಯ ಮೇಲೇ ಇತ್ತು.

ವಿಳಾಸಕ್ಕಾಗಿ ಧರಣಿ

ನೀತಿಸಂಹಿತೆ ಬಂದರೂ ಕಾರ್ಖಾನೆ ಎಲ್ಲಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ವಿಳಾಸ ಕೊಟ್ಟರೆ ಪ್ರತಿಸ್ಪರ್ಧಿಗಳಿಗೆ ವ್ಯಾಪಾರದ ಗುಟ್ಟು ಬಿಟ್ಟುಕೊಟ್ಟಂತೆ ಎಂದು ಕಂಪನಿಗಳು ಹಟ ಹಿಡಿದವು. ವಿಳಾಸವೇ ಇಲ್ಲದ ಕಾರ್ಖಾನೆಯನ್ನು ತಪಾಸಣೆ ಮಾಡುವವರು ಯಾರು? ಆದ್ದರಿಂದ ಚಳವಳಿಯ ಮೊದಲ ದೊಡ್ಡ ಬೇಡಿಕೆ ಕೂಲಿಯದಲ್ಲ, ಕಾರ್ಖಾನೆಗಳ ಹೆಸರು ಮತ್ತು ವಿಳಾಸದ ಪಟ್ಟಿಯದು. ಈ ಆಯ್ಕೆಯಲ್ಲಿ ಆ ಹುಡುಗ ಹುಡುಗಿಯರ ಜಾಣ್ಮೆ ಎದ್ದು ಕಾಣುತ್ತದೆ.

1999ರ ಜನವರಿ ಕೊನೆಯಲ್ಲಿ ಡ್ಯೂಕ್ ವಿದ್ಯಾರ್ಥಿಗಳು ಅಧ್ಯಕ್ಷೆ ನ್ಯಾನ್ ಕೋಹೇನ್ ಅವರ ಕಚೇರಿಯಲ್ಲಿ ಕುಳಿತರು. 31 ಗಂಟೆಗಳ ಬಳಿಕ ವಿಶ್ವವಿದ್ಯಾಲಯ ಮಣಿಯಿತು. ವರ್ಷದೊಳಗೆ ವಿಳಾಸ ಕೊಡದ ಕಂಪನಿಗಳ ಲೈಸೆನ್ಸ್ ಕೊನೆಗೊಳಿಸಲು ಒಪ್ಪಿತು. ಫೆಬ್ರವರಿಯಲ್ಲಿ ಜಾರ್ಜ್‌ಟೌನ್‌ನಲ್ಲಿ 85 ಗಂಟೆ, ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ 97 ಗಂಟೆ, ಮಾರ್ಚ್‌ನಲ್ಲಿ ಮಿಶಿಗನ್‌ನಲ್ಲಿ 51 ಗಂಟೆ, ಏಪ್ರಿಲ್‌ನಲ್ಲಿ ನಾರ್ತ್ ಕ್ಯಾರೊಲೈನದಲ್ಲಿ 72 ಗಂಟೆ ಧರಣಿ ನಡೆಯಿತು. ಎಲ್ಲಕ್ಕಿಂತ ದೀರ್ಘವಾದದ್ದು ಅರಿಜೋನದ್ದು, 225 ಗಂಟೆ. ಯೇಲ್‌ನಲ್ಲಿ ವಿದ್ಯಾರ್ಥಿಗಳು ಬಯಲಲ್ಲಿ ಗುಂಪಾಗಿ ಕುಳಿತು ಉಣ್ಣೆ ಹೆಣೆದು ಪ್ರತಿಭಟಿಸಿದರು. ಬೇರೆ ಕಡೆಗಳಲ್ಲಿ ಅಣಕು ಫ್ಯಾಷನ್ ಶೋಗಳಾದವು. ವೇದಿಕೆಯ ಮೇಲೆ ನಡೆದು ಬರುವವರ ಉಡುಪು ಎಲ್ಲಿ, ಎಷ್ಟು ಕೂಲಿಗೆ ಹೊಲಿದದ್ದು ಎಂದು ಮೈಕಿನಲ್ಲಿ ಹೇಳುತ್ತಿದ್ದರು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ನೈಕಿ ಕಂಪನಿ ಕೆಲವು ವಿಶ್ವವಿದ್ಯಾಲಯಗಳ ಉಡುಪು ಹೊಲಿಯುವ ಕಾರ್ಖಾನೆಗಳ ಪಟ್ಟಿಯನ್ನು ಹೊರಗಿಟ್ಟಿತು. 2005ರಲ್ಲಿ ತನ್ನ ಏಳುನೂರಕ್ಕೂ ಹೆಚ್ಚು ಕಾರ್ಖಾನೆಗಳ ಪೂರ್ಣ ಪಟ್ಟಿಯನ್ನೇ ಪ್ರಕಟಿಸಿತು. ಕೊಡಲು ಸಾಧ್ಯವೇ ಇಲ್ಲವೆಂದಿದ್ದ ಮಾಹಿತಿ ಇಂದು ಅನೇಕ ದೊಡ್ಡ ಬ್ರ್ಯಾಂಡುಗಳ ವೆಬ್‌ಸೈಟಿನಲ್ಲಿ ಸಿಗುತ್ತದೆ. ಈ ಚಳವಳಿಯ ಅತ್ಯಂತ ಬಾಳಿಕೆಯ ಗಳಿಕೆ ಇದೇ. ಕಾರ್ಮಿಕ ಸಂಘದವರು ತಮ್ಮ ಕಾರ್ಖಾನೆ ಯಾರಿಗಾಗಿ ಹೊಲಿಯುತ್ತದೆಂದು ತಿಳಿದು ನೇರವಾಗಿ ಬ್ರ್ಯಾಂಡಿನ ಬಾಗಿಲು ತಟ್ಟಲು ದಾರಿ ಮಾಡಿಕೊಟ್ಟದ್ದು ಈ ಪಟ್ಟಿಗಳು.

ಎರಡು ಸಂಸ್ಥೆಗಳು

ವಿಳಾಸ ಸಿಕ್ಕ ಮೇಲೆ ತಪಾಸಣೆ ಯಾರು ಮಾಡಬೇಕೆಂಬ ಪ್ರಶ್ನೆ ಎದ್ದಿತು. ಹಲವು ವಿಶ್ವವಿದ್ಯಾಲಯಗಳು ಎಫ್‌ಎಲ್‌ಎ ಸೇರಿದ್ದವು. ಕಂಪನಿಗಳು ಆಡಳಿತ ಮಂಡಳಿಯಲ್ಲಿ ಕುಳಿತ ಸಂಸ್ಥೆ ಅದೇ ಕಂಪನಿಗಳ ತಪ್ಪು ಹುಡುಕುವುದು ಹೇಗೆ ಎಂಬುದು ವಿದ್ಯಾರ್ಥಿಗಳ ವಾದ. ಅವರು ಕಾರ್ಮಿಕ ತಜ್ಞರ ಜೊತೆ ಕುಳಿತು ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಎಂಬ ಬೇರೆಯೇ ಸಂಸ್ಥೆಯ ನಕ್ಷೆ ಬರೆದರು. ಅದರ ಸ್ಥಾಪನಾ ಸಭೆ 2000ದ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ನಡೆಯಿತು. ಆಡಳಿತ ಮಂಡಳಿಯಲ್ಲಿ ವಿಶ್ವವಿದ್ಯಾಲಯಗಳು, ಯೂಸಾಸ್, ಸ್ವತಂತ್ರ ಕಾರ್ಮಿಕ ತಜ್ಞರು ಇದ್ದಾರೆ. ಕಂಪನಿಗಳಿಗೆ ಜಾಗವಿಲ್ಲ. ಸ್ಕಾಟ್ ನೋವ ದೀರ್ಘಕಾಲ ಇದರ ಕಾರ್ಯನಿರ್ವಾಹಕ ನಿರ್ದೇಶಕರಾಗಿದ್ದರು. ಇದರ ತನಿಖೆ ಕಾರ್ಮಿಕರ ದೂರಿನಿಂದ ಶುರುವಾಗುತ್ತದೆ. ಸೂಪರ್‌ವೈಸರ್ ಕಣ್ಣೆದುರಿನಲ್ಲಿ ಯಾರೂ ನಿಜ ಹೇಳುವುದಿಲ್ಲವಾದ್ದರಿಂದ ಕಾರ್ಮಿಕರನ್ನು ಕಾರ್ಖಾನೆಯ ಹೊರಗೆ ಭೇಟಿಯಾಗಿ ಮಾತನಾಡಿಸುವುದು ಇದರ ಕ್ರಮ. ವರದಿಗಳು ಬಹಿರಂಗ.

ವಿಶ್ವವಿದ್ಯಾಲಯಗಳು ಇದಕ್ಕೆ ಸೇರಬೇಕೆಂದು 2000ದ ವಸಂತದಲ್ಲಿ ಎರಡನೆಯ ಸುತ್ತಿನ ಧರಣಿಗಳಾದವು. ಪೆನ್ಸಿಲ್ವೇನಿಯದಲ್ಲಿ ವಿದ್ಯಾರ್ಥಿಗಳು ವಾರಕ್ಕೂ ಹೆಚ್ಚು ಕಾಲ ಅಧ್ಯಕ್ಷರ ಕಚೇರಿಯಲ್ಲಿ ಉಳಿದರು. ಮ್ಯಾಡಿಸನ್‌ನಲ್ಲಿ ಪೊಲೀಸರು 54 ಮಂದಿಯನ್ನು ಬಂಧಿಸಿದರು. ಪರ್ಡ್ಯೂನಲ್ಲಿ ಉಪವಾಸ ಸತ್ಯಾಗ್ರಹ ನಡೆಯಿತು. ಆರೆಗನ್ ವಿಶ್ವವಿದ್ಯಾಲಯ ಏಪ್ರಿಲ್‌ನಲ್ಲಿ ಸೇರಲು ಒಪ್ಪಿದ್ದೇ ತಡ, ಅಲ್ಲಿನ ಹಳೆಯ ವಿದ್ಯಾರ್ಥಿಯೂ ನೈಕಿಯ ಸ್ಥಾಪಕರಲ್ಲೊಬ್ಬರೂ ಆದ ಫಿಲ್ ನೈಟ್, ಕ್ರೀಡಾಂಗಣ ವಿಸ್ತರಣೆಗೆಂದು ಕೊಡಲಿದ್ದ 3 ಕೋಟಿ ಡಾಲರ್ ದೇಣಿಗೆಯನ್ನು ಹಿಂತೆಗೆದರು. ಆರೆಗನ್ ಮುಂದೆ ಆ ಸದಸ್ಯತ್ವದಿಂದ ಹಿಂದೆ ಸರಿಯಿತು, ನೈಟ್ ಅವರ ದೇಣಿಗೆಯೂ ಮರಳಿತು. ದೊಡ್ಡ ದಾನದ ಜೊತೆಗೆ ಬರುವ ಮೌನದ ಷರತ್ತು ಇಷ್ಟು ಬಹಿರಂಗವಾಗಿ ಕಂಡದ್ದು ಕಡಿಮೆ. ಆದರೂ ಕನ್ಸಾರ್ಟಿಯಂ ಬೆಳೆಯಿತು. ಸದಸ್ಯ ಸಂಸ್ಥೆಗಳ ಸಂಖ್ಯೆ ಕ್ರಮೇಣ ನೂರೈವತ್ತನ್ನು ದಾಟಿತು.

ಕಾರ್ಖಾನೆಗಳಲ್ಲಿ ಆದದ್ದು

ಮೊದಲ ದೊಡ್ಡ ಪರೀಕ್ಷೆ ಮೆಕ್ಸಿಕೊದ ಪ್ಯೂಬ್ಲ ರಾಜ್ಯದ ಅಟ್ಲಿಸ್ಕೊದಲ್ಲಿ ಬಂತು. ಕೊರಿಯನ್ ಒಡೆತನದ ಕುಕ್‌ಡಾಂಗ್ ಕಾರ್ಖಾನೆ ನೈಕಿಗಾಗಿ ಅಮೆರಿಕದ ವಿಶ್ವವಿದ್ಯಾಲಯಗಳ ಸ್ವೆಟ್‌ಶರ್ಟ್ ಹೊಲಿಯುತ್ತಿತ್ತು. ಕ್ಯಾಂಟೀನಿನಲ್ಲಿ ಕೆಟ್ಟ ಮಾಂಸ, ಹುಳು ಬಿದ್ದ ಊಟ ಬಡಿಸುತ್ತಿದ್ದರು. 2000ದ ಡಿಸೆಂಬರ್‌ನಲ್ಲಿ ಕಾರ್ಮಿಕರು ಕ್ಯಾಂಟೀನ್ ಬಹಿಷ್ಕರಿಸಿದರು. ಮುಂದಾಳುಗಳನ್ನು ಕಾರ್ಖಾನೆ ಕೆಲಸದಿಂದ ತೆಗೆಯಿತು. 2001ರ ಜನವರಿ 9ರಂದು ಎಂಟುನೂರಕ್ಕೂ ಹೆಚ್ಚು ಮಂದಿ, ಬಹುಪಾಲು ಹದಿಹರೆಯ ದಾಟುತ್ತಿದ್ದ ಹೆಣ್ಣುಮಕ್ಕಳು, ಯಂತ್ರ ನಿಲ್ಲಿಸಿ ಕಾರ್ಖಾನೆಯ ಅಂಗಳದಲ್ಲಿ ಕುಳಿತರು. ಎರಡು ದಿನಗಳ ಬಳಿಕ ಪೊಲೀಸರು ನುಗ್ಗಿ ಹೊಡೆದರು. ಕಾರ್ಮಿಕರಿಗೆ ಗೊತ್ತೇ ಇಲ್ಲದಂತೆ ಆಡಳಿತದೊಂದಿಗೆ ಒಪ್ಪಂದ ಮಾಡಿಕೊಂಡಿದ್ದ ಅಧಿಕೃತ ಸಂಘವೊಂದು ಅಲ್ಲಿ ಆಗಲೇ ಇತ್ತು. ತಿಂಗಳು ಮುಗಿಯುವುದರೊಳಗೆ ಕನ್ಸಾರ್ಟಿಯಂ ತನಿಖಾ ತಂಡವನ್ನು ಕಳಿಸಿತು. ಕ್ಯಾಂಪಸ್‌ಗಳಿಂದ ವಿಶ್ವವಿದ್ಯಾಲಯಗಳ ಮೇಲೆ, ಅಲ್ಲಿಂದ ನೈಕಿಯ ಮೇಲೆ, ಅಲ್ಲಿಂದ ಕಾರ್ಖಾನೆಯ ಮೇಲೆ ಒತ್ತಡ ಸಾಗಿತು. ತೆಗೆದವರು ಕೆಲಸಕ್ಕೆ ಮರಳಿದರು. ಸೆಪ್ಟೆಂಬರ್‌ನಲ್ಲಿ ಕಾರ್ಮಿಕರೇ ಕಟ್ಟಿದ ಸ್ವತಂತ್ರ ಸಂಘ ಮಾನ್ಯತೆ ಪಡೆಯಿತು. ಮೆಕ್ಸಿಕೊದ ರಫ್ತು ಉಡುಪು ಕಾರ್ಖಾನೆಗಳಲ್ಲಿ ಅದು ಅಪರೂಪದ ಸಂಗತಿ. ಗೆದ್ದವರು ಅಂಗಳದಲ್ಲಿ ಕುಳಿತ ಆ ಹುಡುಗಿಯರು, ವಿದ್ಯಾರ್ಥಿಗಳದು ಬೆಂಬಲ. ಯೂಸಾಸ್ ಈ ಅಂತರವನ್ನು ಮರೆಯದೆ ಇದ್ದುದರಿಂದಲೇ ಅದು ದಾನಧರ್ಮದ ಕೆಲಸವಾಗದೆ ಚಳವಳಿಯಾಗಿ ಉಳಿಯಿತು.

ಬಿಜೆ ಅಂಡ್ ಬಿ ಟೋಪಿ ಕಾರ್ಖಾನೆಯ ಕಥೆ ಇದಕ್ಕಿಂತ ನೋವಿನದು. ವರ್ಷಗಳ ಹೋರಾಟದ ಬಳಿಕ ಅಲ್ಲಿ ಸಂಘಕ್ಕೆ ಮಾನ್ಯತೆ ದೊರೆತು 2003ರ ಮಾರ್ಚ್‌ನಲ್ಲಿ ವೇತನ ಒಪ್ಪಂದವಾಯಿತು. ಆದರೆ ಆರ್ಡರ್‌ಗಳು ಒಂದೊಂದಾಗಿ ಬೇರೆ ದೇಶಗಳಿಗೆ ಹೋದವು. 2007ರ ಫೆಬ್ರವರಿಯಲ್ಲಿ ಕಾರ್ಖಾನೆ ಮುಚ್ಚಿತು. ಸಂಘ ಕಟ್ಟಿದ ಕಾರ್ಖಾನೆಗೆ ಸ್ವಲ್ಪ ಹೆಚ್ಚು ಬೆಲೆ ಕೊಡಲು, ಅಲ್ಲೇ ಉಳಿಯಲು ಬ್ರ್ಯಾಂಡನ್ನು ಕಟ್ಟಿಹಾಕುವ ಷರತ್ತು ಎಲ್ಲೂ ಇರಲಿಲ್ಲ. ಈ ಲೋಪ ತುಂಬಲು ಯೂಸಾಸ್ 2005ರಿಂದಲೇ ಗೊತ್ತುಪಡಿಸಿದ ಸರಬರಾಜುದಾರರ ಯೋಜನೆಯೊಂದನ್ನು ಮುಂದಿಟ್ಟಿತ್ತು. ಸಂಘವಿರುವ, ಜೀವನಕ್ಕೆ ಸಾಲುವ ಕೂಲಿ ಕೊಡುವ ಕಾರ್ಖಾನೆಗಳಿಂದಲೇ ವಿಶ್ವವಿದ್ಯಾಲಯದ ಉಡುಪು ಬರಬೇಕೆಂಬುದು ಅದರ ತಿರುಳು. ಇದು ಸ್ಪರ್ಧಾ ಕಾನೂನಿಗೆ ವಿರುದ್ಧವಾದೀತೆಂಬ ಅಳುಕಿನಲ್ಲಿ ವರ್ಷಗಳು ಕಳೆದವು. ಅಮೆರಿಕದ ನ್ಯಾಯ ಇಲಾಖೆ ತನ್ನ ಆಕ್ಷೇಪವಿಲ್ಲವೆಂದು ತಿಳಿಸಿದ್ದು 2011ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಯೋಜನೆಯ ಕಾವು ಆರಿತ್ತು.

ಕೆಲಸ ಕಳೆದುಕೊಂಡ ವಿಯ್ಯ ಅಲ್ತಗ್ರಾಸಿಯದಲ್ಲೇ 2010ರಲ್ಲಿ ನೈಟ್ಸ್ ಅಪಾರೆಲ್ ಎಂಬ ಅಮೆರಿಕದ ಕಂಪನಿ, ಅದರ ಮುಖ್ಯಸ್ಥ ಜೋಸೆಫ್ ಬೋಜಿಚ್ ಅವರ ಆಸಕ್ತಿಯಿಂದ, ಅಲ್ತ ಗ್ರಾಸಿಯ ಎಂಬ ಹೆಸರಿನ ಕಾರ್ಖಾನೆ ತೆರೆಯಿತು. ಊರಿನಲ್ಲಿ ಒಂದು ಸಂಸಾರಕ್ಕೆ ಅಕ್ಕಿ ಬೇಳೆ, ಮನೆಬಾಡಿಗೆ, ಶಾಲೆ, ಔಷಧಿಗೆ ಬೀಳುವ ಖರ್ಚನ್ನು ಲೆಕ್ಕಹಾಕಿ ಅಲ್ಲಿ ಕೂಲಿ ನಿಗದಿಯಾಯಿತು. ಅದು ಆ ದೇಶದ ರಫ್ತು ವಲಯದ ಕನಿಷ್ಠ ಕೂಲಿಯ ಮೂರು ಪಟ್ಟಿಗೂ ಹೆಚ್ಚು. ಸಂಘಕ್ಕೆ ಮೊದಲ ದಿನದಿಂದಲೇ ಮಾನ್ಯತೆ. ಸಾಮಾನ್ಯ ಬೆಲೆಗೇ ಅಂಗಿ ಮಾರುತ್ತ ಇಷ್ಟು ಕೂಲಿ ಕೊಡಬಹುದೆಂದು ಈ ಕಾರ್ಖಾನೆ ವರ್ಷಗಟ್ಟಲೆ ತೋರಿಸಿತು. ದುಡಿದವರ ಸಂಖ್ಯೆ ನೂರು ಚಿಲ್ಲರೆಯಷ್ಟೇ ಎಂಬುದನ್ನೂ ಹೇಳಬೇಕು. ದೊಡ್ಡ ಬ್ರ್ಯಾಂಡುಗಳು ಆ ದಾರಿ ಹಿಡಿಯಲಿಲ್ಲ.

ಚಳವಳಿ ತನ್ನ ಪೂರ್ಣ ಬಲವನ್ನು ತೋರಿದ್ದು ಕ್ರೀಡಾ ಉಡುಪು ಕಂಪನಿ ರಸೆಲ್ ಅಥ್ಲೆಟಿಕ್ ಪ್ರಕರಣದಲ್ಲಿ. ಕಾರ್ಮಿಕರು ಸಂಘ ಕಟ್ಟಿದ ಹೊಂಡುರಾಸ್‌ನ ಜರ್ಜೀಸ್ ಕಾರ್ಖಾನೆಯನ್ನು ಕಂಪನಿ 2009ರ ಜನವರಿಯಲ್ಲಿ ಮುಚ್ಚಿತು. ಬೇಡಿಕೆ ಕುಸಿದದ್ದೇ ಕಾರಣ ಎಂದು ಕಂಪನಿ ಹೇಳಿತು. ಸಂಘದ ಮೇಲಿನ ದ್ವೇಷವೂ ಕಾರಣವೆಂದು ಕನ್ಸಾರ್ಟಿಯಂ ಸಾಕ್ಷ್ಯ ಮುಂದಿಟ್ಟಿತು. ಹೊಂಡುರಾಸ್‌ನ ಕಾರ್ಮಿಕರು ಕ್ಯಾಂಪಸ್‌ಗಳನ್ನು ಸುತ್ತಿ ಮಾತನಾಡಿದರು. ಸುಮಾರು ನೂರು ವಿಶ್ವವಿದ್ಯಾಲಯಗಳು ರಸೆಲ್ ಜೊತೆಗಿನ ಲೈಸೆನ್ಸ್ ಕಡಿದುಕೊಂಡವು ಅಥವಾ ತಡೆಹಿಡಿದವು. ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ ಪಂದ್ಯಗಳ ಹೊರಗೆ ಕರಪತ್ರ ಹಂಚಲಾಯಿತು. ರಸೆಲ್‌ನ ಒಡೆತನ ವಾರನ್ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ ಸಂಸ್ಥೆಯದಾದ್ದರಿಂದ ವಿದ್ಯಾರ್ಥಿಗಳು ಬಫೆಟ್ ಅವರ ಊರಾದ ಒಮಾಹದವರೆಗೂ ಹೋದರು. ನವೆಂಬರ್‌ನಲ್ಲಿ ರಸೆಲ್ 1,200 ಮಂದಿಯನ್ನು ಹೊಸ ಕಾರ್ಖಾನೆಯಲ್ಲಿ ಮರಳಿ ಕೆಲಸಕ್ಕೆ ತೆಗೆದುಕೊಳ್ಳಲು, ಹೊಂಡುರಾಸ್‌ನ ತನ್ನ ಉಳಿದ ಕಾರ್ಖಾನೆಗಳಲ್ಲೂ ಸಂಘ ಕಟ್ಟುವುದನ್ನು ವಿರೋಧಿಸದಿರಲು ಒಪ್ಪಿತು. ಸಂಘದ ಕಾರಣಕ್ಕೆ ಮುಚ್ಚಿದ್ದೆಂದು ಆರೋಪ ಹೊತ್ತ ರಫ್ತು ಕಾರ್ಖಾನೆಯ ಕೆಲಸ ಹೀಗೆ ಮರಳಿ ಸಿಕ್ಕಿದ್ದು ಬಹಳ ವಿರಳ.

ಅದರ ಬೆನ್ನಿಗೇ ಇನ್ನೆರಡು ಗೆಲುವುಗಳು ಬಂದವು. ಹೊಂಡುರಾಸ್‌ನಲ್ಲಿ ನೈಕಿಯ ಎರಡು ಗುತ್ತಿಗೆ ಕಾರ್ಖಾನೆಗಳು ಪರಿಹಾರ ಕೊಡದೆ ಬಾಗಿಲು ಮುಚ್ಚಿದಾಗ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ನೈಕಿಯೊಂದಿಗಿನ ಲೈಸೆನ್ಸ್ ಕೊನೆಗೊಳಿಸಿತು. 2010ರ ಜುಲೈನಲ್ಲಿ ನೈಕಿ 15.4 ಲಕ್ಷ ಡಾಲರ್ ನಿಧಿ ಇಟ್ಟಿತು. ಇಂಡೊನೇಷ್ಯದ ಪಿ.ಟಿ. ಕಿಜೋನ್ ಕಾರ್ಖಾನೆಯ ಮಾಲೀಕ 2011ರಲ್ಲಿ ಓಡಿಹೋಗಿ ಸುಮಾರು 2,800 ಮಂದಿ ಬೀದಿಗೆ ಬಿದ್ದಾಗ, ಅಲ್ಲಿ ಉಡುಪು ಹೊಲಿಸುತ್ತಿದ್ದ ಅಡಿಡಾಸ್ ತನ್ನ ಹೊಣೆಯಲ್ಲವೆಂದಿತು. ಕಾರ್ನೆಲ್ ಮೊದಲಾದ ವಿಶ್ವವಿದ್ಯಾಲಯಗಳು ಸಂಬಂಧ ಕಡಿದುಕೊಂಡ ಮೇಲೆ, 2013ರ ಏಪ್ರಿಲ್‌ನಲ್ಲಿ ಅದು ಕಾರ್ಮಿಕರೊಂದಿಗೆ ಒಪ್ಪಂದಕ್ಕೆ ಬಂತು. ಗುತ್ತಿಗೆದಾರ ಕೈಕೊಟ್ಟರೆ ಬ್ರ್ಯಾಂಡ್ ಬೆಲೆ ತೆರಬೇಕೆಂಬ ತತ್ತ್ವಕ್ಕೆ ಇವು ಮೇಲ್ಪಂಕ್ತಿಯಾದವು.

ಅದೇ ಏಪ್ರಿಲ್ 24ರಂದು ಢಾಕಾ ಬಳಿಯ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಗೋಡೆಯ ಬಿರುಕನ್ನು ಹಿಂದಿನ ದಿನವೇ ಕಂಡಿದ್ದ ಕಾರ್ಮಿಕರನ್ನು ಗದರಿಸಿ ಒಳಗೆ ಕಳಿಸಲಾಗಿತ್ತು. ಬ್ರ್ಯಾಂಡುಗಳನ್ನು ಕಾನೂನುಬದ್ಧವಾಗಿ ಕಟ್ಟಿಹಾಕುವ ಬಾಂಗ್ಲಾದೇಶ ಅಕಾರ್ಡ್ ಎಂಬ ಸುರಕ್ಷತಾ ಒಪ್ಪಂದ ಆಗ ಬಂತು. ತಮ್ಮ ಲೈಸೆನ್ಸ್‌ದಾರರೆಲ್ಲ ಅದಕ್ಕೆ ಸಹಿ ಹಾಕಬೇಕೆಂದು ವಿದ್ಯಾರ್ಥಿಗಳು ಹಲವು ವಿಶ್ವವಿದ್ಯಾಲಯಗಳಿಂದ ಷರತ್ತು ಹಾಕಿಸಿದರು.

ವಾದವಿವಾದ

ಚಳವಳಿಯ ಪ್ರಬಲ ಟೀಕಾಕಾರರು ಅರ್ಥಶಾಸ್ತ್ರಜ್ಞರು. ಭಾರತ ಮೂಲದ ಜಗದೀಶ್ ಭಗವತಿ ಮುಂದಾಳುತನದ ಗುಂಪೊಂದು 2000ದಲ್ಲಿ ವಿಶ್ವವಿದ್ಯಾಲಯಗಳ ಅಧ್ಯಕ್ಷರಿಗೆ ಬಹಿರಂಗ ಪತ್ರ ಬರೆಯಿತು. ಬಹುರಾಷ್ಟ್ರೀಯ ಕಂಪನಿಗಳ ಕೆಲಸದಲ್ಲಿ ಸ್ಥಳೀಯ ಕೂಲಿಗಿಂತ ಹೆಚ್ಚೇ ಸಿಗುತ್ತದೆ, ಅದನ್ನು ಹೊರಗಿನಿಂದ ಏರಿಸಿದರೆ ಬಡದೇಶದವರೇ ಕೆಲಸ ಕಳೆದುಕೊಳ್ಳುತ್ತಾರೆ ಎಂಬುದು ಅದರ ಸಾರ. ಉಡುಪಿನ ಚಿಲ್ಲರೆ ಬೆಲೆಯಲ್ಲಿ ಕೂಲಿಯ ಪಾಲು ಅತ್ಯಲ್ಪ, ಕೂಲಿಯನ್ನು ಗಣನೀಯವಾಗಿ ಏರಿಸಿದರೂ ಬೆಲೆ ಹೆಚ್ಚೇನೂ ಏರದು ಎಂದು ರಾಬರ್ಟ್ ಪೋಲಿನ್ ಮತ್ತು ಸಂಗಡಿಗರು ಉತ್ತರ ಕೊಟ್ಟರು. ಬಿಜೆ ಅಂಡ್ ಬಿ ಮುಚ್ಚಿದ್ದು ಭಗವತಿಯವರ ಎಚ್ಚರಿಕೆಗೆ ಪುಷ್ಟಿ ಕೊಡುತ್ತದೆ, ಅಲ್ತ ಗ್ರಾಸಿಯ ಪೋಲಿನ್ ಅವರ ಲೆಕ್ಕಕ್ಕೆ. ಆದರೆ ಅಟ್ಲಿಸ್ಕೊದ ಕಾರ್ಮಿಕರು ಮೊದಲು ಕೇಳಿದ್ದು ಹುಳುವಿಲ್ಲದ ಊಟವನ್ನು, ಆಮೇಲೆ ತಾವೇ ಆರಿಸಿದ ಸಂಘವನ್ನು. ಕೂಲಿಯ ಸಿದ್ಧಾಂತ ಏನೇ ಹೇಳಲಿ, ಈ ಎರಡನ್ನೂ ನಿರಾಕರಿಸಲು ಅದರಲ್ಲಿ ಆಧಾರವಿಲ್ಲ.

ಚಳವಳಿ ಕ್ಯಾಂಪಸ್ಸಿನ ಒಳಗೂ ಕಣ್ಣು ಹಾಯಿಸಿತು. ದೂರದ ಹೊಲಿಗೆಯವಳ ಬಗ್ಗೆ ಮಾತನಾಡಿ ತಮ್ಮ ಕೋಣೆ ಗುಡಿಸುವವಳನ್ನು ಮರೆಯುವುದು ತರವಲ್ಲವೆಂದು ಹಾರ್ವರ್ಡ್ ವಿದ್ಯಾರ್ಥಿಗಳು 2001ರಲ್ಲಿ ಅಲ್ಲಿನ ಕಾವಲು, ಅಡುಗೆ, ಸ್ವಚ್ಛತೆಯ ನೌಕರರ ಕೂಲಿಗಾಗಿ ಮೂರು ವಾರ ಆಡಳಿತ ಕಚೇರಿಯಲ್ಲಿ ಧರಣಿ ಕುಳಿತರು.

ಮುಂದಿನ ವರ್ಷಗಳಲ್ಲಿ ನೈಕಿ ತನ್ನ ಕಾರ್ಖಾನೆಗಳಿಗೆ ಕನ್ಸಾರ್ಟಿಯಂನ ತನಿಖೆಗಾರರನ್ನು ಬಿಡಲು ನಿರಾಕರಿಸಿದಾಗ ಧರಣಿಗಳು ಮರಳಿದವು. 2016ರ ಡಿಸೆಂಬರ್‌ನಲ್ಲಿ ಜಾರ್ಜ್‌ಟೌನ್ ವಿದ್ಯಾರ್ಥಿಗಳು ಅಧ್ಯಕ್ಷರ ಕಚೇರಿಯಲ್ಲಿ ಕುಳಿತರು. 2017ರ ಆಗಸ್ಟ್‌ನಲ್ಲಿ ಆ ವಿಶ್ವವಿದ್ಯಾಲಯದ ಮೂಲಕವೇ ಪ್ರವೇಶದ ಒಪ್ಪಂದವಾಯಿತು.

ಕರ್ನಾಟಕದ ನಂಟು

ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ, ಹೊಸೂರು ರಸ್ತೆಗಳ ಗಾರ್ಮೆಂಟ್ಸ್‌ಗಳು ಹೊಲಿಯುವುದು ಇದೇ ಬ್ರ್ಯಾಂಡುಗಳಿಗೆ. ದುಡಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್, ಮುಟ್ಟದಿದ್ದರೆ ಲೈನಿನಲ್ಲಿ ಎಲ್ಲರೆದುರು ಬೈಗುಳ, ನೀರು ಕುಡಿದರೆ ಎದ್ದು ಹೋಗಬೇಕಾದೀತೆಂದು ನೀರನ್ನೇ ಕುಡಿಯದೆ ಕೂರುವುದು: ಇವು ಅಲ್ಲಿನ ಹೆಂಗಸರು ಹೇಳುತ್ತಲೇ ಬಂದ ಮಾತುಗಳು.

ಶಾಹಿ ಎಕ್ಸ್‌ಪೋರ್ಟ್ಸ್ ಸಂಸ್ಥೆಯ ಬೆಂಗಳೂರಿನ ಘಟಕವೊಂದರಲ್ಲಿ ಕೂಲಿ ಏರಿಕೆ, ಶುದ್ಧ ಕುಡಿಯುವ ನೀರು ಮುಂತಾದವಕ್ಕಾಗಿ ಮನವಿ ಕೊಟ್ಟ ಕಾರ್ಮಿಕರ ಮೇಲೆ 2018ರ ಏಪ್ರಿಲ್‌ನಲ್ಲಿ ಹಲ್ಲೆ ನಡೆಯಿತೆಂದು ಕನ್ಸಾರ್ಟಿಯಂ ತನಿಖೆ ಮಾಡಿ ವರದಿ ಪ್ರಕಟಿಸಿತು. ಬ್ರ್ಯಾಂಡುಗಳ ಒತ್ತಡ ಬಂದ ಮೇಲೆ ಸಂಸ್ಥೆ ತಾನು ಹೊರಗಿಟ್ಟಿದ್ದ ಕಾರ್ಮಿಕರನ್ನು ಮರಳಿ ಕೆಲಸಕ್ಕೆ ತೆಗೆದುಕೊಂಡು ಅವರ ಸಂಘಕ್ಕೆ ಮಾನ್ಯತೆ ನೀಡಿತು.

ಇದಕ್ಕಿಂತ ದೊಡ್ಡದು ತುಟ್ಟಿಭತ್ಯೆಯ ಪ್ರಕರಣ. 2020ರ ಏಪ್ರಿಲ್‌ನಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರಿಗೆ ತಿಂಗಳಿಗೆ 417 ರೂಪಾಯಿಯಷ್ಟು ತುಟ್ಟಿಭತ್ಯೆ ಸೇರಬೇಕಿತ್ತು. ಹೈಕೋರ್ಟ್ ಆದೇಶವಿದ್ದರೂ ಕಾರ್ಖಾನೆಗಳು ಕೊಡಲಿಲ್ಲ. ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಇಲ್ಲಿ ಹೋರಾಡಿತು. ಕನ್ಸಾರ್ಟಿಯಂ ಲೆಕ್ಕ ಹಾಕಿ ಬ್ರ್ಯಾಂಡುಗಳ ಮುಂದಿಟ್ಟಿತು. ಬಾಧಿತರು ನಾಲ್ಕು ಲಕ್ಷಕ್ಕೂ ಹೆಚ್ಚು. ತಾನು ಕಂಡ ಅತಿ ದೊಡ್ಡ ಕೂಲಿಗಳ್ಳತನ ಇದೆಂದು ಅದು ಹೇಳಿತು. ಪೂಮಾ, ನೈಕಿ, ಝಾರಾ, ಎಚ್ ಅಂಡ್ ಎಂ ಮುಂತಾದ ಹೆಸರುಗಳು ಪತ್ರಿಕೆಗಳಲ್ಲಿ ಬಂದ ಮೇಲೆ, 2022ರ ಆರಂಭದಲ್ಲಿ ದೊಡ್ಡ ತಯಾರಕರು ಬಾಕಿ ಕೊಡಲು ಒಪ್ಪಿದರು. ಟಾರ್ಗೆಟ್ ಮುಟ್ಟಿಸುತ್ತಲೇ ಸಹಿ ಸಂಗ್ರಹಿಸಿ, ಚೀಟಿ ಹಂಚಿ, ಗೇಟಿನ ಬಳಿ ಸಭೆ ಸೇರಿಸಿ ಆ ಬಾಕಿಯನ್ನು ಕೇಳಿದವರು ಸಂಘದ ಹೆಂಗಸರು. ಅವರ ದೂರನ್ನು ಬ್ರ್ಯಾಂಡಿನ ಕಚೇರಿಗೆ ಮುಟ್ಟಿಸಿದ ಸಂಸ್ಥೆಯನ್ನು ಕಟ್ಟಿದ್ದು ಅದಕ್ಕೂ ಸುಮಾರು ಇಪ್ಪತ್ತು ವರ್ಷ ಮೊದಲು ಅಧ್ಯಕ್ಷರ ಕಚೇರಿಗಳಲ್ಲಿ ಧರಣಿ ಕುಳಿತ ವಿದ್ಯಾರ್ಥಿಗಳು.